ಲಸಿಕೆಯ ನಂತರದ ಅರ್ಧ ಗಂಟೆ



ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಇಲ್ಲೇ ಕುಳಿತಿರಿ ಎಂದು ನರ್ಸ್ ಹೇಳುತ್ತಾರೆ. ನಮ್ಮಲ್ಲಿ ಅನೇಕರು ಐದೇ ನಿಮಿಷಕ್ಕೆ ಎದ್ದು ಹೊರಡುತ್ತೇವೆ. ಆ ಅರ್ಧ ಗಂಟೆ ಯಾಕೆ ಬೇಕು ಎಂಬುದೇ ನನ್ನ ಇಂದಿನ ವಿಷಯ.

ಲಸಿಕೆಯಲ್ಲಿರುವ ಯಾವುದಾದರೂ ಅಂಶ ಕೆಲವರ ದೇಹಕ್ಕೆ ಒಗ್ಗುವುದಿಲ್ಲ. ಆಗ ಆಗುವ ತೀವ್ರ ಅಲರ್ಜಿಗೆ 'ಅನಾಫಿಲ್ಯಾಕ್ಸಿಸ್' ಎಂದು ಹೆಸರು. ಇದರ ಸಂಶೋಧನೆಗಾಗಿ ಫ್ರಾನ್ಸಿನ ಚಾರ್ಲ್ಸ್ ರಿಷೆ ಅವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗಿ ರಕ್ತನಾಳಗಳು ಹಿಗ್ಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ಎಷ್ಟೇ ವೇಗವಾಗಿ ಬಡಿದರೂ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪುವುದಿಲ್ಲ. ಕೆಲವೊಮ್ಮೆ ಹೃದಯಕ್ಕೆ ರಕ್ತ ಒಯ್ಯುವ ನಾಳವೇ ಸೆಟೆದುಕೊಂಡು ಎದೆನೋವು, ಅಪರೂಪಕ್ಕೆ ಹೃದಯಾಘಾತವೂ ಆಗಬಹುದು. ಗ್ರೀಸ್ ದೇಶದ ವೈದ್ಯ ಕೌನಿಸ್ 1991ರಲ್ಲಿ ವಿವರಿಸಿದ ಇದಕ್ಕೆ 'ಕೌನಿಸ್ ಸಿಂಡ್ರೋಮ್' ಎನ್ನುತ್ತಾರೆ.

ಇದನ್ನು ಕೇಳಿ ಯಾರೂ ಹೆದರಬೇಡಿ. ಅಮೆರಿಕದಲ್ಲಿ 2009ರಿಂದ 2011ರವರೆಗೆ ನೀಡಿದ ಸುಮಾರು ಎರಡೂವರೆ ಕೋಟಿ ಡೋಸ್‌ಗಳನ್ನು ಪರಿಶೀಲಿಸಿದಾಗ ಸಿಕ್ಕಿದ್ದು 33 ಪ್ರಕರಣ. ಅವರಲ್ಲಿ ಯಾರೂ ಸಾಯಲಿಲ್ಲ. ಹಾಗೆಂದು ಅಲಕ್ಷ್ಯವೂ ಸಲ್ಲದು. ನಮ್ಮ ದೇಶದಲ್ಲಿ 2021ರ ಮಾರ್ಚ್‌ನಲ್ಲಿ ಕೋವಿಡ್ ಲಸಿಕೆ ಪಡೆದ 68 ವರ್ಷದ ಒಬ್ಬರು ಇದರಿಂದಲೇ ತೀರಿಕೊಂಡರೆಂದು ಸರ್ಕಾರದ ಸಮಿತಿ ಹೇಳಿತು.

ವಿದ್ಯಾರ್ಥಿಗಳೇ, ಸೂಜಿಗೆ ಹೆದರಿ ತಲೆಸುತ್ತಿ ಬೀಳುವುದು ಬೇರೆ. ಅಲ್ಲಿ ನಾಡಿ ನಿಧಾನವಾಗಿರುತ್ತದೆ, ಮಲಗಿಸಿದರೆ ಬೇಗ ಚೇತರಿಕೆ. ಮೈಮೇಲೆ ದದ್ದು, ತುಟಿ ಊತ, ಉಸಿರಾಟಕ್ಕೆ ಕಷ್ಟ, ವಾಂತಿ, ವೇಗದ ನಾಡಿ ಕಂಡರೆ ಅಲರ್ಜಿ ಎಂದು ತಿಳಿದು ಕೂಡಲೇ ನರ್ಸನ್ನು ಕರೆಯಿರಿ. ರೋಗಿಯನ್ನು ಎಬ್ಬಿಸಿ ನಡೆಸಬೇಡಿ. ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿ. ತೊಡೆಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್ನೇ ಮೊದಲ ಔಷಧ. ಅಲರ್ಜಿ ಮಾತ್ರೆ ಅದಕ್ಕೆ ಬದಲಿಯಲ್ಲ. ಮನೆಗೆ ಹೋದ ಮೇಲೆ ಇಂಥ ಲಕ್ಷಣ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹಜ್‌ಗೆ ಹೊರಡುವ ನಮ್ಮ ಹಿರಿಯರು ಮೆದುಳು ಜ್ವರದ ಲಸಿಕೆ ಹಾಕಿಸಿಕೊಳ್ಳಲೇಬೇಕು. ಅವರಲ್ಲಿ ಹಲವರು ಹೃದಯದ ಮಾತ್ರೆ ನುಂಗುವವರು. ಬೀಟಾ ಬ್ಲಾಕರ್ ಎಂಬ ಮಾತ್ರೆ ತೆಗೆದುಕೊಳ್ಳುವವರಿಗೆ ಅಡ್ರಿನಾಲಿನ್ ಅಷ್ಟಾಗಿ ಕೆಲಸ ಮಾಡದಿರಬಹುದು. ಆದ್ದರಿಂದ ಅಬ್ಬಾ, ಅಮ್ಮಿಯರ ಜೊತೆ ನೀವು ಹೋಗಿ. ಮಾತ್ರೆಗಳ ಚೀಟಿ ತೋರಿಸಿ, ಹಿಂದೆ ಅಲರ್ಜಿ ಆಗಿದ್ದರೆ ಮೊದಲೇ ತಿಳಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಲಸಿಕೆ ಬಿಡುವುದು ಜಾಣತನವಲ್ಲ. ಹಾಕಿಸಿಕೊಂಡು ಅರ್ಧ ಗಂಟೆ ಕುಳಿತುಕೊಳ್ಳುವುದು ಜಾಣತನ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಖುದಾ ಹಾಫಿಜ್.