ನಮ್ಮ ಬೆಟ್ಟದ ಕವಳಿ ಮಟ್ಟಿ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ಅಡಿಕೆ ದರ ಇವುಗಳ ಬಗ್ಗೆ ಹಿರಿಯರು ಆಗಲೇ ಮಾತಾಡಿದ್ದಾರೆ. ನಾವು ಸಂಘದ ಯಾವ ಲೆಡ್ಜರಿನಲ್ಲೂ ಇಲ್ಲದ ಒಂದು ಬೆಳೆಯ ವಿಷಯ ಹೇಳುತ್ತೇವೆ. ಅದು ಕವಳಿ.

ಸಾಗರ, ಸಿದ್ದಾಪುರ, ಶಿರಸಿ ಸೀಮೆಯ ಸೊಪ್ಪಿನಬೆಟ್ಟಗಳಲ್ಲಿ ಕವಳಿ, ಪರಿಗೆ, ಬಿಕ್ಕೆ, ಕುಂಟುನೇರಳೆ ಇವನ್ನು ಯಾರೂ ನೆಟ್ಟವರಲ್ಲ. ಪಿಕಳಾರದಂಥ ಹಕ್ಕಿಗಳು ತಿಂದು ಬೀಜ ಹಾಕಿದವು, ಮಟ್ಟಿ ಬೆಳೆಯಿತು. ದರಕು ತರಲು ಹೋದವರು, ದನ ಕಾಯುವ ಹುಡುಗರು ಹೊಟ್ಟೆತುಂಬ ತಿಂದರು. ಕವಳಿಯ ಹೂ ಬಿಳಿ, ಮಲ್ಲಿಗೆಯ ಹಾಗೆ. ಕಾಯಿ ಹಸಿರು, ಆಮೇಲೆ ಕೆಂಪು, ಹಣ್ಣಾದರೆ ಕಪ್ಪು. ಶಾಲೆಗೆ ಬೇಸಿಗೆ ರಜೆ ಬಿಡುವುದಕ್ಕೂ ಅದು ಹಣ್ಣಾಗುವುದಕ್ಕೂ ಸರಿಹೋಗುತ್ತಿತ್ತು. ತುಟಿಗೆ ಸೊನೆ ಅಂಟಿಸಿಕೊಂಡು ಮನೆಗೆ ಬರದ ಹುಡುಗ ಆಗ ಊರಲ್ಲಿ ಇರಲಿಲ್ಲ.

ಕಾಯಿ ಬಲಿತು ಬೀಜ ಗಟ್ಟಿಯಾಗುವ ಮೊದಲು ಕೊಯ್ದು, ಹೆಚ್ಚಿ, ಉಪ್ಪುನೀರಲ್ಲಿ ನೆನೆಹಾಕಿದರೆ ಸೊನೆ ಬಿಡುತ್ತದೆ. ಅದರ ಉಪ್ಪಿನಕಾಯಿಯ ರುಚಿ ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ. ಜೆಲ್ಲಿ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಅಂಶವೂ ಈ ಕಾಯಲ್ಲಿ ಚೆನ್ನಾಗಿದೆ.

೧೯೮೦ರ ದಶಕದಿಂದ ಗುಡ್ಡ ಬೆಟ್ಟಗಳಿಗೆ ಅಕೇಶಿಯಾ ಬಂತು. ಕಟ್ಟಿಗೆ ಸಿಕ್ಕಿತು, ಸುಳ್ಳಲ್ಲ. ಆದರೆ ಗುಂಡಿ ತೋಡುವಾಗ ಇದ್ದ ಮಟ್ಟಿಯನ್ನೆಲ್ಲ ಸವರಿದರು. ಉಳಿದ ಕಡೆ ಲಂಟಾನ ಮುಚ್ಚಿತು. ಈಗಿನ ಮಕ್ಕಳಿಗೆ ಕವಳಿಯ ಗುರುತೇ ಇಲ್ಲ. ಗುರುತಿಲ್ಲದ ಮಕ್ಕಳು ಲಂಟಾನದ ಹಸಿರು ಕಾಯಿ ಬಾಯಿಗೆ ಹಾಕಿಕೊಂಡರೆ ವಿಷವಾಗ್ತದೆ, ಇದನ್ನು ಮನೆಯಲ್ಲಿ ಹೇಳಿಕೊಡಿ.

ಇನ್ನೊಂದು ಮಾತು ಸ್ವಲ್ಪ ಖಾರ. ಪೇಟೆಯಲ್ಲಿ ಕಾಯಿಗೆ ಗಿರಾಕಿ ಇದೆ ಅಂತ ಗೊತ್ತಾದ ಮೇಲೆ ಕೆಲವರು ಕೊಂಬೆಯನ್ನೇ ಕಡಿದು ತಂದು ಜಗಲಿಯಲ್ಲಿ ಕೂತು ಬಿಡಿಸುತ್ತಾರೆ. ಮುಳ್ಳು ಚುಚ್ಚೋದಿಲ್ಲ, ನಿಜ. ಮುಂದಿನ ವರ್ಷ ಏನು ಕೊಯ್ಯೋದು? ಬೆಟ್ಟ ಒಬ್ಬರ ಖಾತೆಯಲ್ಲಿದ್ದರೂ ಹಣ್ಣು ಊರದ್ದು ಎಂಬ ರೂಢಿಯನ್ನು ಹೀಗೆ ಕೆಡಿಸಬಾರದು.

ಬೇಲಿಗೂ ಕವಳಿಯಷ್ಟು ಒಳ್ಳೆಯ ಗಿಡ ಕಡಿಮೆ. ಎರಡು ಮೂರು ಅಡಿಗೊಂದು ನೆಟ್ಟು, ಮೊದಲ ಒಂದೆರಡು ವರ್ಷ ದನದ ಬಾಯಿಂದ ಕಾಪಾಡಿದರೆ ಸಾಕು. ತಂತಿ ತುಕ್ಕು ಹಿಡಿಯುತ್ತದೆ, ಇದು ದಪ್ಪವಾಗ್ತಾ ಹೋಗುತ್ತದೆ. ಬೀಜ ಮಾತ್ರ ಇಟ್ಟರೆ ಕೆಡುತ್ತದೆ. ಹಣ್ಣಿಂದ ತೆಗೆದ ತಕ್ಷಣ ಹಾಕಬೇಕು.

ಸಂಘದ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಸಸಿ ಮಾಡಲು ಆಡಳಿತ ಮಂಡಳಿಯನ್ನು ಕೇಳಿದ್ದೇವೆ. ಈ ಬೇಸಿಗೆಯಲ್ಲಿ ಹಣ್ಣು ತಿಂದವರು ಬೀಜ ಉಗುಳಬೇಡಿ, ಅವತ್ತೇ ಪೊಟ್ಟಣ ಕಟ್ಟಿ ಸಂಘದ ಕಚೇರಿಗೆ ಕೊಡಿ. ರಶೀದಿ ಕೊಡುವುದಿಲ್ಲ, ಸಸಿ ಕೊಡುತ್ತೇವೆ.