ನೂತನ ಶೋಧನೆಗಳೂ ಸರ್ಕಾರದ ಆಶ್ರಯವೂ

 

ಹೊಸ ಯಂತ್ರಗಳನ್ನೂ ಹೊಸ ಕ್ರಮಗಳನ್ನೂ ಶೋಧಿಸುವವರಿಗೆ ಸರ್ಕಾರದವರು ಬೊಕ್ಕಸದಿಂದ ದ್ರವ್ಯಸಹಾಯ ಮಾಡಬಹುದೇ ಎಂಬ ಪ್ರಶ್ನೆಯು ವಿದ್ವತ್ಸಭೆಗಳಿಗೆ ಮಾತ್ರ ಸೇರಿದುದೆಂದು ತಾವು ಭಾವಿಸಲಾಗದು. ಚಿಂತಾಮಣಿಯಿಂದಲೂ ಗೌರಿಬಿದನೂರಿನಿಂದಲೂ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡನ್ನು ತರುವ ರೈತನ ಮನೆಯಲ್ಲಿಯೇ ಇದಕ್ಕೆ ಉತ್ತರವಿರುವುದು.

1865ರಲ್ಲಿ ಫ್ರಾನ್ಸ್ ದೇಶದ ರೇಷ್ಮೆಹುಳುಗಳು ಗಂಟುರೋಗದಿಂದ ನಾಶವಾಗುತ್ತಿರಲು, ಅಲ್ಲಿಯ ಸರ್ಕಾರವು ಲೂಯಿ ಪಾಸ್ಟರನನ್ನು ಅದರ ಪರಿಶೋಧನೆಗೆ ನೇಮಿಸಿತು. ಆತನು ರಸಾಯನಶಾಸ್ತ್ರಜ್ಞನು, ರೇಷ್ಮೆಹುಳುವಿನ ಪರಿಚಯವೇ ಇಲ್ಲದವನು. ಮೊದಮೊದಲು ಆತನ ಅಭಿಪ್ರಾಯವೇ ತಪ್ಪಾಗಿದ್ದಿತು. ವರ್ಷಾಂತ್ಯದಲ್ಲಿ ಲೆಕ್ಕ ಕೇಳಿ ಹಣ ನಿಲ್ಲಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸುಮಾರು ಐದು ವರ್ಷ ಆತನು ಶ್ರಮಿಸಿದನು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದುದರ ಮೊಟ್ಟೆಯನ್ನೇ ಉಳಿಸಿಕೊಳ್ಳುವ ಕ್ರಮವು ಆ ಶ್ರಮದ ಫಲವು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆಯು ನಡೆಯುತ್ತಿರುವುದು. ಅಂಗಡಿಯಲ್ಲಿ ಬೀಗ ಹಾಕಿಡಲಾಗದ ಇಂತಹ ವಿದ್ಯೆಗೆ ಯಾವ ವರ್ತಕನು ತಾನೇ ಐದು ವರ್ಷ ಹಣ ಸುರಿದಾನು?

ಮೈಸೂರಿನಲ್ಲಿ 1961ರಲ್ಲಿ ಸ್ಥಾಪಿತವಾದ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಿಂದ ದ್ವಿತಳಿ ಹುಳುಗಳು ರೈತರಿಗೆ ದೊರೆತುದೂ ಸಾರ್ವಜನಿಕ ಹಣದಿಂದಲೇ.

ಹಣಕ್ಕಿಂತಲೂ ದುರ್ಲಭವಾದುದು ಪ್ರಯೋಗಕ್ಕೆ ಸ್ಥಳ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಕಲ್ಪಿಸಿದ ಸ್ವಯಂಚಾಲಿತ ತೂಬುಬಾಗಿಲುಗಳು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮೊದಲು ಅಳವಡಿಸಲ್ಪಟ್ಟುವು. ಅವರು ಆಗ ಸರ್ಕಾರಿ ಇಂಜಿನಿಯರು. ಹೊರಗಿನವನೊಬ್ಬನು ಅದೇ ನಕ್ಷೆಯನ್ನು ತಂದಿದ್ದರೆ, ಪರೀಕ್ಷೆಗಾಗಿ ಜಲಾಶಯವನ್ನು ಯಾರು ಕೊಡುತ್ತಿದ್ದರು?

ರೈತನ ತೆರಿಗೆಯ ಹಣವು ಬರಿಯ ಕನಸುಗಾರರ ಪಾಲಾಗುವುದೆಂದೂ, ವಶೀಲಿಯುಳ್ಳವನೇ ಶೋಧಕನೆನಿಸಿಕೊಳ್ಳುವನೆಂದೂ ಕೆಲವರು ಆಕ್ಷೇಪಿಸುವರು. ಈ ಭಯವು ನಿರಾಧಾರವಲ್ಲ; ನನಗೂ ಉಂಟು. ಆದುದರಿಂದಲೇ ವ್ಯಕ್ತಿಗೆ ಇನಾಮು ಕೊಡುವುದಕ್ಕಿಂತ ಪ್ರಯೋಗದ ವೆಚ್ಚವನ್ನು ವಹಿಸುವುದು ಮೇಲೆಂದು ನನ್ನ ಮತ.

ಸಿದ್ಧಯಂತ್ರವನ್ನು ಕೊಳ್ಳುವ ನೂಲು ಬಿಚ್ಚುವವನಿಗೆ ಸಹಾಯಧನವುಂಟು. ಆದರೆ ತನ್ನ ಚರಕವನ್ನು ತಾನೇ ತಿದ್ದಿ, ಎಳೆ ತುಂಡಾಗದಂತೆ ಮಾಡಲು ಹೆಣಗುವ ಶಿಡ್ಲಘಟ್ಟದ ಕೆಲಸಗಾರನು ಸೋತರೆ, ಕೆಟ್ಟ ಗೂಡಿನ ನಷ್ಟವು ಅವನ ಹೆಂಡತಿಯ ಒಡವೆಯ ಮೇಲೆ ಬೀಳುವುದು. ಅಂತಹವನಿಗೆ ಸರ್ಕಾರದವರು ಪ್ರಯೋಗಕ್ಕೆ ಬೇಕಾಗುವ ಗೂಡನ್ನೂ, ಒಂದು ಕೊಠಡಿಯನ್ನೂ, ಎರಡು ವರ್ಷಗಳ ಅವಕಾಶವನ್ನೂ ಒದಗಿಸಲಿ. ಗೆದ್ದರೂ ಸೋತರೂ ಫಲಿತಾಂಶವನ್ನು ಬರೆದು ಮಾರುಕಟ್ಟೆಯ ಗೋಡೆಗೆ ಅಂಟಿಸಲಿ.