ಬಿಸಿಲು ಅಚ್ಚು ಹಾಕಿದ ಎಲೆ



‘ಅಭಿವೃದ್ಧಿಯ ನೀಲನಕ್ಷೆ’ ಅಂತ ಸುದ್ದಿಯಲ್ಲಿ ಎಷ್ಟು ಸಲ ಕೇಳಿದ್ದೀವಿ, ಅಲ್ವಾ? ನಕ್ಷೆ ಸರಿ, ನೀಲಿ ಯಾಕೆ? ಹಿಂದೆ ಎಂಜಿನಿಯರ್‌ಗಳು ನಕ್ಷೆಯ ಪ್ರತಿ ತೆಗೆಯುವಾಗ ಕಾಗದ ಪೂರ್ತಿ ನೀಲಿ ಆಗ್ತಿತ್ತು, ಗೆರೆಗಳು ಬಿಳಿ. ಆ ವಿಧಾನವೇ ಸಯನೋಟೈಪ್. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದದ್ದು.

ಆದರೆ ಎಂಜಿನಿಯರ್‌ಗಳ ಕೈಗೆ ಹೋಗುವ ಮೊದಲೇ ಅದು ಅನ್ನಾ ಆಟ್ಕಿನ್ಸ್ ಅನ್ನೋ ಮಹಿಳೆಯ ಕೈಸೇರಿತ್ತು. ಅವರಿಗೆ ಸಮುದ್ರದ ಪಾಚಿಗಳ ಮೇಲೆ ಆಸಕ್ತಿ. ಕೂದಲೆಳೆಯಂಥ ಪಾಚಿಯನ್ನ ಕೈಯಲ್ಲಿ ಬಿಡಿಸೋದು ಕಷ್ಟ. ಅದಕ್ಕೇ ಒಣಗಿಸಿದ ಪಾಚಿಯನ್ನ ನೇರ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರು. 1843ರಲ್ಲಿ ಅವರ ಪುಸ್ತಕದ ಮೊದಲ ಕಂತು ಬಂತು. ಫೋಟೊ ಚಿತ್ರಗಳಿರುವ ಮೊದಲ ಪುಸ್ತಕ ಅಂತ ಅದನ್ನೇ ಹೇಳ್ತಾರೆ. ಕ್ಯಾಮೆರಾನೇ ಇಲ್ಲ!

ನಾವೂ ಮಾಡಬಹುದು. 100 ಎಂಎಲ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್. ಇನ್ನೊಂದು 100 ಎಂಎಲ್‌ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಬೇಕಾದಾಗ ಎರಡನ್ನೂ ಸಮಸಮ ಬೆರೆಸಿ, ಮಂದ ಬೆಳಕಿನಲ್ಲಿ ದಪ್ಪ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ. ಕೈಗೆ ಗ್ಲೌಸ್ ಇರಲಿ. ಅಡುಗೆ ಪಾತ್ರೆ ಬೇಡ, ಆಸಿಡ್ ಹತ್ತಿರ ತರಲೇಬೇಡಿ.

ಮೇಲೆ ಎಲೆ ಇಟ್ಟು, ಗಾಜು ಒತ್ತಿ, ಮಧ್ಯಾಹ್ನದ ಬಿಸಿಲಲ್ಲಿ ಹತ್ತು ಹದಿನೈದು ನಿಮಿಷ ಬಿಡಿ. ಕಾಗದ ಬೂದುಬಣ್ಣಕ್ಕೆ ತಿರುಗುತ್ತೆ. ಆಮೇಲೆ ಹಳದಿ ನೀರು ಬಿಡೋದು ನಿಲ್ಲುವ ತನಕ ತೊಳೆಯಿರಿ. ಬಿಸಿಲು ಬಿದ್ದ ಕಡೆ ನೀಲಿ, ಎಲೆಯ ನೆರಳು ಬಿಳಿ. ಒಣಗಿದ ಮೇಲೆ ನೀಲಿ ಇನ್ನೂ ಗಾಢವಾಗುತ್ತೆ.

ನಾನು ಮೊದಲು ಆಗತಾನೇ ಕಿತ್ತ ದಾಸವಾಳದ ಎಲೆ ಇಟ್ಟೆ. ತೇವಕ್ಕೆ ಅಂಚೆಲ್ಲ ಕಲಸಿಹೋಯ್ತು. ನುಗ್ಗೆ ಸೊಪ್ಪಿನ ಕಡ್ಡಿ, ಜರೀಗಿಡ ಇಂಥವನ್ನ ಎರಡು ದಿನ ಪೇಪರ್ ನಡುವೆ ಒತ್ತಿಟ್ಟು ಬಳಸಿ.

ಚೆನ್ನಾಗಿ ಬಂದ ನನ್ನ ಮೊದಲ ಪ್ರಿಂಟ್ ನಮ್ಮ ಬೀದಿಯ ಖಾಲಿ ಸೈಟಿನ ಒಂದು ಗಿಡದ್ದು. ಹೆಸರು ಕೇಳಿ ಬರೆದಿಡಲಿಲ್ಲ. ಈಗ ಆ ಸೈಟಲ್ಲಿ ಮನೆ ಎದ್ದಿದೆ. ಗೋಡೆ ಮೇಲಿನ ಪ್ರಿಂಟ್ ನೋಡಿ ‘ಯಾವ ಗಿಡ ಇದು?’ ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.

ಅನ್ನಾ ಪ್ರತಿ ಪಾಚಿಯ ಹೆಸರನ್ನೂ ತಮ್ಮದೇ ಅಕ್ಷರದಲ್ಲಿ ಬರೆದರು. ತಮ್ಮ ಹೆಸರಿನ ಜಾಗದಲ್ಲಿ ಮಾತ್ರ ‘ಎ.ಎ.’ ಅಂದರು, ಅಷ್ಟೇ. ಮುಂದೆ ಪುಸ್ತಕ ನೋಡಿದವರೊಬ್ಬರು ಅದನ್ನ ‘ಅನಾನಿಮಸ್ ಅಮೆಚೂರ್’, ಅಂದ್ರೆ ಯಾರೋ ಅನಾಮಧೇಯ ಹವ್ಯಾಸಿ ಅಂದುಕೊಂಡರು!

ಅದಕ್ಕೇ ಹೇಳೋದು: ಪ್ರಿಂಟ್ ಒಣಗಿದ ತಕ್ಷಣ ಹಿಂದೆ ಪೆನ್ಸಿಲ್‌ನಲ್ಲಿ ಗಿಡದ ಹೆಸರು, ಊರು, ತಾರೀಕು ಬರೀರಿ. ಗಿಡದ ಹೆಸರು ಗೊತ್ತಿಲ್ಲ ಅಂದ್ರೆ ಮನೆಯಲ್ಲಿ ಅಜ್ಜಿಯನ್ನ ಕೇಳಿ. ಕೆಳಗೆ ನಿಮ್ಮ ಹೆಸರೂ ಇರಲಿ, ಪೂರ್ತಿಯಾಗಿ.

ಮುಂದಿನ ವಾರ ಸಿಗೋಣ.